ಕ್ರೇಡಲ್ ಮೌಂಟನ್ ಮಳೆಕಾಡಿಗೆ ವೀಲ್‌ಚೇರ್‌ನಲ್ಲಿ ಹೋಗುವ ಬಗೆ

ಆಸ್ಟ್ರೇಲಿಯಾದಲ್ಲಿ ನೆಲೆಸಿದ ಮಕ್ಕಳನ್ನು ನೋಡಲು ಬಂದ ಹಿರಿಯರೊಡನೆ ಪ್ರವಾಸ ಹೊರಟಾಗ, ನಡೆಯಲಾಗದವರನ್ನು ಕಾರಿನಲ್ಲಿಯೇ ಕೂರಿಸಿ ಉಳಿದವರು ಕಾಡು ನೋಡಿ ಬರುವುದುಂಟು. ಟಾಸ್ಮೇನಿಯಾದ ಕ್ರೇಡಲ್ ಮೌಂಟನ್‌ನಲ್ಲಿ ಹಾಗೆ ಮಾಡಬೇಕಾಗಿಲ್ಲ. 1982ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಪ್ರದೇಶದಲ್ಲಿ, ರಾಷ್ಟ್ರೀಯ ಉದ್ಯಾನದ ಪ್ರವೇಶದ ಸಮೀಪದಿಂದ ಪೆನ್ಸಿಲ್ ಪೈನ್ ಜಲಪಾತದ ಕಡೆಗೆ ಹೋಗಿ ಸುತ್ತಿ ಬರುವ ಸುಮಾರು ಅರ್ಧ ಕಿಲೋಮೀಟರ್ ಉದ್ದದ ಹಲಗೆಹಾದಿಯಲ್ಲಿ ವೀಲ್‌ಚೇರ್ ಸಾಗುತ್ತದೆ. ಆದರೂ ತಳ್ಳುವವರೊಬ್ಬರು ಜೊತೆಗಿರುವುದು ಒಳ್ಳೆಯದು.

ಟಾಸ್ಮೇನಿಯಾದ ಉತ್ತರ ಕರಾವಳಿಯ ಡೆವನ್‌ಪೋರ್ಟ್‌ ನಗರದಿಂದ ಇಲ್ಲಿಗೆ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಉದ್ಯಾನದ ಪಾಸ್ ಮೊದಲೇ ಪಡೆದಿರಬೇಕು. ಸಂದರ್ಶಕರ ಕೇಂದ್ರದಿಂದ ಹೊರಡುವ ಶಟಲ್ ಬಸ್ಸಿನಲ್ಲಿ ಹೋಗುವುದಾದರೆ, ನಿಮ್ಮ ವೀಲ್‌ಚೇರಿನ ಅಗಲ ಮತ್ತು ತೂಕವನ್ನು ತಿಳಿಸಿ, ಅದನ್ನು ಹತ್ತಿಸಬಹುದಾದ ಬಸ್ಸು ಯಾವಾಗ ಬರುತ್ತದೆಂದು ಮುಂಚಿತವಾಗಿ ವಿಚಾರಿಸಿಕೊಳ್ಳಿ.

ಉಡುಪಿನ ವಿಷಯದಲ್ಲಿ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ತಳ್ಳುವವರಿಗೆ ಮೈ ಬಿಸಿಯೇರುವುದರಿಂದ ಚಳಿ ಗೊತ್ತಾಗುವುದಿಲ್ಲ. ಅಲುಗಾಡದೆ ಕುಳಿತವರಿಗೆ ಹತ್ತೇ ನಿಮಿಷದಲ್ಲಿ ಕಾಲು ಮರಗಟ್ಟುತ್ತದೆ. ಬೇಸಿಗೆಯಲ್ಲಿಯೂ ಹಿಮ ಬೀಳಬಹುದಾದ ಊರಿದು. ಆದ್ದರಿಂದ ಕುಳಿತವರಿಗೆ ಒಂದು ಉಣ್ಣೆಬಟ್ಟೆ ಹೆಚ್ಚಿಗೆ ಹಾಕಿ, ಮೊಣಕಾಲಿಗೆ ಹೊದಿಕೆ ಕೊಟ್ಟು, ಅದರ ಮೇಲೆ ಮಳೆ ತಡೆಯುವ ಕೋಟು ತೊಡಿಸಿ, ಅಂಚುಗಳು ಗಾಲಿಗೆ ಸಿಕ್ಕದಂತೆ ಒಳಕ್ಕೆ ಸೇರಿಸಿ. ಕೊಡೆ ಬೇಡ, ತಳ್ಳುವವರ ಕಣ್ಣಿಗೆ ಅದೇ ಅಡ್ಡ ಬರುತ್ತದೆ.

ಹಲಗೆಗಳು ಒದ್ದೆಯಾದಾಗ ಜಾರುತ್ತವೆಯಾದ್ದರಿಂದ ಇಳಿಜಾರಿನಲ್ಲಿ ವೀಲ್‌ಚೇರನ್ನು ಹಿಮ್ಮುಖವಾಗಿ ತಿರುಗಿಸಿಕೊಂಡು ನಿಧಾನವಾಗಿ ಇಳಿಸಿ, ನಿಂತಾಗಲೆಲ್ಲ ಬ್ರೇಕ್ ಹಾಕಿ. ಕೈಚೀಲವನ್ನು ವೀಲ್‌ಚೇರಿನ ಬೆನ್ನಿಗೆ ನೇತುಹಾಕದೆ ಮಡಿಲಲ್ಲಿ ಇರಿಸಿಕೊಳ್ಳಬೇಕು: ಇಲ್ಲಿನ ಕರವಾಂಗ್ ಎಂಬ ಕಪ್ಪುಹಕ್ಕಿ ಜಿಪ್ ಎಳೆದು ತಿಂಡಿ ಕದಿಯುವುದರಲ್ಲಿ ನಮ್ಮ ದೇವಸ್ಥಾನದ ಕೋತಿಗಳಿಗೆ ಸಮ. ಮಲೆನಾಡಿನವರಿಗೆ ಪರಿಚಿತವಾದ ಇಂಬಳಗಳೂ ಇರುವುದರಿಂದ ಹೊರಬಂದ ಮೇಲೆ ಕಾಲುಚೀಲವನ್ನೊಮ್ಮೆ ಪರೀಕ್ಷಿಸಿ.

ಆಗುಂಬೆಯ ಕಾಡನ್ನು ನಿರೀಕ್ಷಿಸಿ ಹೋದರೆ ಇಲ್ಲಿನ ಕಾಡು ಮೊದಲಿಗೆ ಬಡವಾಗಿ ಕಾಣಬಹುದು. ಮರದ ಜಾತಿಗಳು ಕಡಿಮೆ, ಬಳ್ಳಿಗಳು ಇಲ್ಲವೆನ್ನುವಷ್ಟು. ಮರ್ಟಲ್ ಬೀಚ್, ಸಾಸಾಫ್ರಾಸ್, ಹೊಳೆಯಂಚಿನ ಪೆನ್ಸಿಲ್ ಪೈನ್ ಮರಗಳೇ ಪ್ರಧಾನ. ಇಲ್ಲಿಯ ಸಿರಿಯೆಲ್ಲ ಮೊಣಕಾಲಿನ ಎತ್ತರದಲ್ಲಿದೆ: ಬಿದ್ದ ದಿಮ್ಮಿಯನ್ನು ಮುಚ್ಚಿದ ಹಾವಸೆ, ಜರೀಗಿಡಗಳು, ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗಕ್ಕೆ ಸೇರಿದ ಹತ್ತಾರು ಬಗೆಗಳು. ನಿಂತವರು ಬಗ್ಗಿ ನೋಡಬೇಕಾದುದು ಕುಳಿತವರಿಗೆ ಕಣ್ಣೆದುರಿಗೇ ಸಿಗುತ್ತದೆ. ಆದ್ದರಿಂದ ಎಲ್ಲಿ ನಿಲ್ಲಬೇಕೆಂಬುದನ್ನು ವೀಲ್‌ಚೇರಿನಲ್ಲಿರುವವರೇ ಹೇಳಲಿ. ಒಂದು ಗಂಟೆಯಾದರೂ ಇಟ್ಟುಕೊಳ್ಳಿ.

ಹಲಗೆಯಿಂದ ಕೆಳಗಿಳಿಯಬಾರದು, ತೊಗಟೆ ಕೆರೆಯಬಾರದು. ಮರ್ಟಲ್ ಬೀಚ್‌ಗೆ ಗಾಯವಾದರೆ ಅದರ ಮೂಲಕ ಶಿಲೀಂಧ್ರ ಹೊಕ್ಕು ಮರವನ್ನೇ ಒಣಗಿಸುವ ರೋಗವೊಂದಿದೆ. ಮಣ್ಣಿನೊಡನೆ ಸಾಗುವ ಬೇರುಕೊಳೆರೋಗವೂ ಇರುವುದರಿಂದ, ಬೇರೆ ಕಾಡಿನಲ್ಲಿ ಓಡಾಡಿದ ವೀಲ್‌ಚೇರಿನ ಗಾಲಿಗಳನ್ನು ಬೂಟುಗಳಂತೆಯೇ ಉಜ್ಜಿ ತೊಳೆದು, ಒಣಗಿಸಿಯೇ ತರಬೇಕು.