ಬ್ಯಾಂಕಾಕ್‌ಗೆ ಯಾವಾಗ ಹೋಗೋದು? ಕಾರ್ತಿಕ ಹುಣ್ಣಿಮೆ ನೋಡಿ

ಬ್ಯಾಂಕಾಕ್ ನೋಡಬೇಕು ಅಂತಿದ್ದರೆ ಮನೆಯ ಪಂಚಾಂಗದಲ್ಲಿ ಕಾರ್ತಿಕ ಹುಣ್ಣಿಮೆ ಹುಡುಕಿ, ಅದರ ಹಿಂದೆಮುಂದೆ ಎರಡೆರಡು ದಿನ ಸೇರಿಸಿ ಪ್ಲಾನ್ ಮಾಡಿ. ಅಲ್ಲಿನ ಲೊಯ್ ಕ್ರಥೊಂಗ್ ಹಬ್ಬ ಥಾಯ್ ಚಾಂದ್ರಮಾನದ 12ನೇ ತಿಂಗಳ ಹುಣ್ಣಿಮೆಗೆ ಬರುತ್ತದೆ. ಹೆಚ್ಚಿನ ವರ್ಷ ಅದು ನಮ್ಮ ಕಾರ್ತಿಕ ಹುಣ್ಣಿಮೆಯೇ. ಬಾಳೆದಿಂಡಿನ ಬಿಲ್ಲೆಗೆ ಎಲೆ, ಹೂವು ಕಟ್ಟಿ, ದೀಪ, ಊದುಬತ್ತಿ ಇಟ್ಟು ನದಿಯಲ್ಲಿ ತೇಲಿಬಿಡುತ್ತಾರೆ. ನಮ್ಮ ದೀಪೋತ್ಸವ ನೋಡಿ ಬೆಳೆದವರಿಗೆ ತುಂಬಾ ಹತ್ತಿರ ಅನಿಸುತ್ತದೆ. ಅಷ್ಟು ಹೊತ್ತಿಗೆ ಅಲ್ಲಿ ಮಳೆಯೂ ಇಳಿಮುಖ, ಏಪ್ರಿಲ್‌ನಂಥ ಉರಿ ಸೆಕೆಯೂ ಇರುವುದಿಲ್ಲ. ಆದರೆ ಅಧಿಕ ಮಾಸದ ವರ್ಷ ಹುಷಾರು. ಅವರ ಅಧಿಕ ಮಾಸ ಯಾವಾಗಲೂ 8ನೇ ತಿಂಗಳಿಗೇ ಬರುತ್ತದೆ, ನಮ್ಮದು ಹಾಗಲ್ಲ, ವರ್ಷವೂ ಬೇರೆಯಾಗಬಹುದು. 2020ರಲ್ಲಿ ಅವರ ಹಬ್ಬ ಅಕ್ಟೋಬರ್ 31ಕ್ಕೆ, ನಮ್ಮ ಹುಣ್ಣಿಮೆ ನವೆಂಬರ್ 30ಕ್ಕೆ! ಟಿಕೆಟ್ ಬುಕ್ ಮಾಡುವ ಮುಂಚೆ ಆ ವರ್ಷದ ಥಾಯ್ ದಿನಾಂಕ ಒಮ್ಮೆ ನೋಡಿಬಿಡಿ. ಹುಣ್ಣಿಮೆ ನವೆಂಬರ್ ಮೊದಲ ವಾರ ಬಿದ್ದರೆ ಒಂದೆರಡು ಮಳೆ ಬರಬಹುದು, ಕೊಡೆ ಇರಲಿ. ಹಬ್ಬದ ಸಂಜೆ ಮಾತ್ರ ಟ್ಯಾಕ್ಸಿ ಬೇಡ, ಸ್ಕೈಟ್ರೈನ್ ಹಿಡಿದು ಸಫಾನ್ ತಾಕ್ಸಿನ್‌ನಲ್ಲಿ ಇಳಿದರೆ ಚಾವೊ ಫ್ರಾಯಾ ನದಿ ಪಕ್ಕದಲ್ಲೇ ಇದೆ.