ನನ್ನ ಎಡಪುಟದ ಓದು

ಹಾಸನದಲ್ಲಿ ಕಾಫಿ ಬೀಜವನ್ನು ಸಂಸ್ಕರಿಸುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತಲೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಎಂ.ಎ. ಓದಿದವಳು ನಾನು. ದೂರಶಿಕ್ಷಣದಲ್ಲಿ ಓದುವವರಿಗೆ ದಿನನಿತ್ಯದ ತರಗತಿ ಇಲ್ಲ, ಪಕ್ಕದ ಬೆಂಚಿನ ಗೆಳತಿ ಇಲ್ಲ, ಎಬ್ಬಿಸಿ ಪ್ರಶ್ನೆ ಕೇಳುವ ಮೇಷ್ಟರೂ ಇಲ್ಲ. ಅಧ್ಯಯನ ಸಾಮಗ್ರಿಯ ಕಟ್ಟು ಮತ್ತು ರಾತ್ರಿ ಊಟವಾದ ಮೇಲೆ ಉಳಿಯುವ ಸ್ವಲ್ಪ ಹೊತ್ತು, ಇವೆರಡೇ ನನ್ನ ಬಂಡವಾಳವಾಗಿದ್ದವು. ಆ ಹೊತ್ತಿನಲ್ಲಿ ಓದುವ ಮನಸ್ಸನ್ನು ಎಲ್ಲಿಂದ ತರುವುದು, ಪರೀಕ್ಷೆಯ ದಿಗಿಲನ್ನು ಎಲ್ಲಿಡುವುದು ಎಂಬುದಕ್ಕೆ ನಾನು ಕಂಡುಕೊಂಡ ದಾರಿಯನ್ನು, ಕೆಲಸ ಮಾಡುತ್ತ ಓದುವ ಇತರರಿಗೂ ಉಪಯೋಗವಾಗಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಓದು ಬೇಸರ ತಂದಾಗ ಪುಸ್ತಕ ಬದಿಗಿಟ್ಟು ಚಿತ್ರ ಬಿಡಿಸಿ, ಹಾಡು ಕೇಳಿ, ಮನಸ್ಸು ಹಗುರವಾದ ಮೇಲೆ ಮತ್ತೆ ಕುಳಿತುಕೊಳ್ಳಿ ಎಂದು ಹಿರಿಯರು ಹೇಳುವುದುಂಟು. ಅದರಿಂದ ದಣಿವು ಆರುತ್ತದೆ, ನಿಜ. ಆದರೆ ಮತ್ತೆ ಪುಸ್ತಕ ತೆರೆದಾಗ ಅದೇ ಪಾಠ ಅದೇ ಮುಖ ಹೊತ್ತು ಎದುರಿಗೆ ಕೂತಿರುತ್ತದೆ. ಬೇಸರ ಹುಟ್ಟುವುದು ಪಾಠದೊಳಗೆ ನಮಗೆ ಮಾಡಲು ಏನೂ ಕೆಲಸವಿಲ್ಲದಿರುವುದರಿಂದ ಎಂದು ನನಗೆ ಕ್ರಮೇಣ ಮನವರಿಕೆಯಾಯಿತು. ಆದ್ದರಿಂದ ಚಿತ್ರವಾಗಲಿ, ಬರವಣಿಗೆಯಾಗಲಿ, ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದಾಗಲಿ ಎಲ್ಲವೂ ಪಾಠದ ಒಳಗೇ ನಡೆಯಬೇಕೆಂದು ನಿಶ್ಚಯಿಸಿದೆ.

ಅದಕ್ಕೆ ಬೇಕಾದದ್ದು ಒಂದು ಸಾಮಾನ್ಯ 200 ಪುಟದ ನೋಟ್‌ಬುಕ್ ಮಾತ್ರ. ಬಲಪುಟದಲ್ಲಿ ಪಾಠದ ಟಿಪ್ಪಣಿ ಇರುತ್ತದೆ. ಎಡಪುಟವನ್ನು ಖಾಲಿ ಬಿಡುತ್ತೇನೆ. ಆ ದಿನದ ಓದು ಮುಗಿದ ಕೂಡಲೇ ಪುಸ್ತಕ ಮುಚ್ಚಿ, ಎಡಪುಟದ ಮೇಲ್ಭಾಗದಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯುತ್ತೇನೆ. ಈಗ ಓದಿದ್ದರಲ್ಲಿ ನೋಡದೆ ಹೇಳಬಲ್ಲದ್ದು ಯಾವುದು? ಮನಸ್ಸು ಎಲ್ಲಿ ಜಾರಿತು, ಜಾರುವ ಮುಂಚೆ ಯಾವ ವಾಕ್ಯದಲ್ಲಿತ್ತು? ನಾಳೆ ಕುಳಿತ ತಕ್ಷಣ ಕೈ ಹಾಕಬೇಕಾದ ಮೊದಲ ಕೆಲಸ ಯಾವುದು?

ಮೊದಲ ಪ್ರಶ್ನೆ ಆರಂಭದಲ್ಲಿ ಕಸಿವಿಸಿ ಹುಟ್ಟಿಸುತ್ತದೆ, ಏಕೆಂದರೆ ಓದುತ್ತಿರುವಾಗ ಎಲ್ಲವೂ ಗೊತ್ತಿದೆ ಎನ್ನಿಸಿದ್ದು ಪುಸ್ತಕ ಮುಚ್ಚಿದ ಕೂಡಲೇ ಅರ್ಧಕ್ಕಿಳಿಯುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗ ಈ ಕಸಿವಿಸಿಗೆ ಒಳ್ಳೆಯ ಉತ್ತರ ಕೊಡುತ್ತದೆ. ಒಂದು ಗದ್ಯಭಾಗವನ್ನು ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಓದಿದ್ದನ್ನು ನೋಡದೆ ನೆನಪಿಸಿಕೊಂಡು ಬರೆದವರು ಒಂದು ವಾರದ ನಂತರ ಅವರನ್ನು ಹಿಂದಿಕ್ಕಿದ್ದರು. ನೆನಪಿಗೆ ಬಾರದೆ ತಡಕಾಡುವ ಆ ಕ್ಷಣದಲ್ಲೇ ಕಲಿಕೆ ನಡೆಯುತ್ತಿದೆ ಎಂದು ತಿಳಿದ ಮೇಲೆ ನನಗೆ ಖಾಲಿ ಪುಟದ ಅಳುಕು ಬಹಳಷ್ಟು ಇಳಿಯಿತು.

ಎರಡನೆಯ ಪ್ರಶ್ನೆಯೇ ನಿಜವಾದ ಆತ್ಮಾವಲೋಕನ, ಮತ್ತು ಅದಕ್ಕೆ ನಾನು ಒಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದೇನೆ. ಲೆಕ್ಕದ ಪುಸ್ತಕದಲ್ಲಿ ನಷ್ಟವನ್ನು ನಷ್ಟವೆಂದು ಬರೆಯುತ್ತೇವೆಯೇ ಹೊರತು ಅದರ ಪಕ್ಕದಲ್ಲಿ ಬೈಗುಳ ಬರೆಯುವುದಿಲ್ಲ. ಹಾಗೆಯೇ ಎಡಪುಟದಲ್ಲಿ ‘ನಾನು ಸೋಮಾರಿ’, ‘ನನ್ನಿಂದಾಗದು’ ಎಂಬಂಥ ಮಾತುಗಳಿಗೆ ಜಾಗವಿಲ್ಲ. ಯಾವ ಸಾಲಿನಲ್ಲಿ ಕಣ್ಣು ನಿಂತಿತು, ಆಗ ಏನು ನೆನಪಾಯಿತು, ಫೋನ್ ಎತ್ತಿಕೊಂಡದ್ದು ಯಾವಾಗ ಎಂಬಷ್ಟನ್ನೇ ಬರೆಯಬೇಕು. ಹೀಗೆ ಬರೆದ ಪುಟಗಳನ್ನು ಒಂದು ಭಾನುವಾರ ಒಟ್ಟಿಗೆ ಓದಿದಾಗ ಒಂದು ಸಂಗತಿ ಎದ್ದು ಕಂಡಿತು: ರಾಜವಂಶಗಳ ಹೆಸರು ಮತ್ತು ಇಸವಿಗಳು ಸಾಲಾಗಿ ಬರುವಲ್ಲಿ, ಹಾಗೂ ವಾಸ್ತುಶೈಲಿಯ ಲಕ್ಷಣಗಳನ್ನು ಪಟ್ಟಿ ಮಾಡಿದಲ್ಲಿ ನನ್ನ ಮನಸ್ಸು ಪ್ರತಿಸಲವೂ ಜಾರುತ್ತಿತ್ತು. ಅದೇ ಮನಸ್ಸು ಒಂದು ಕೆರೆಯ ದಾನಶಾಸನದ ವಿವರದಲ್ಲಿ ತಾನಾಗಿಯೇ ನೆಲೆನಿಂತಿತ್ತು. ಏಕಾಗ್ರತೆ ಇಲ್ಲವೆಂಬ ದೊಡ್ಡ ಚಿಂತೆ, ಎರಡು ಬಗೆಯ ಪಾಠಗಳನ್ನು ಬೇರೆ ರೀತಿಯಲ್ಲಿ ಓದಬೇಕೆಂಬ ಚಿಕ್ಕ ಕೆಲಸವಾಗಿ ಬದಲಾಯಿತು. ಓದಿನಲ್ಲಿ ಸಮಾಧಾನ ಎಂದು ನಾನು ಕರೆಯುವುದು ಇದನ್ನೇ: ಆಕಾರವಿಲ್ಲದ ದಿಗಿಲಿಗೆ ಕೈಗೆ ಸಿಗುವ ಆಕಾರ ಬರುವುದು. ಮೂರನೆಯ ಪ್ರಶ್ನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮರುದಿನ ಎಲ್ಲಿಂದ ಆರಂಭಿಸಲಿ ಎಂಬ ಯೋಚನೆಯಲ್ಲೇ ಹೊತ್ತು ಕಳೆಯದಿರಲು ಅದು ನೆರವಾಗುತ್ತದೆ, ಅಷ್ಟೆ.

ಎಡಪುಟದ ಕೆಳಭಾಗ ಸೃಷ್ಟಿಯ ಕೆಲಸಕ್ಕೆ ಮೀಸಲು. ಇದನ್ನು ಮೊದಲು ಪ್ರಯತ್ನಿಸಿದ್ದು ಹೊಯ್ಸಳ ವಾಸ್ತುವಿನ ಪಾಠದಲ್ಲಿ. ಏಕಕೂಟ, ದ್ವಿಕೂಟ, ತ್ರಿಕೂಟ, ಚತುಷ್ಕೂಟ ಎಂದು ಪುಸ್ತಕದಲ್ಲಿ ಓದಿದರೆ ನಾಲ್ಕು ಪದಗಳು ಮಾತ್ರ ಉಳಿಯುತ್ತವೆ. ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಮುಖ್ಯರಸ್ತೆಯಿಂದ ಸ್ವಲ್ಪ ಒಳಗಿರುವ ದೊಡ್ಡಗದ್ದವಳ್ಳಿಯಲ್ಲಿ, ವಿಷ್ಣುವರ್ಧನನ ಕಾಲದಲ್ಲಿ ವರ್ತಕ ದಂಪತಿ ಕಟ್ಟಿಸಿದ ಲಕ್ಷ್ಮೀದೇವಿ ದೇವಾಲಯವಿದೆ. ನಾಲ್ಕು ಗರ್ಭಗುಡಿಗಳ ಚತುಷ್ಕೂಟಕ್ಕೆ ಅದು ಅಪರೂಪದ ಉದಾಹರಣೆ. ಒಂದು ರಜಾದಿನ ಅಲ್ಲಿಗೆ ಹೋಗಿ, ಹೆಜ್ಜೆ ಹಾಕಿ ಅಳತೆ ಹಿಡಿದು ನೆಲನಕ್ಷೆ ಬರೆದೆ. ನನಗೆ ಚಿತ್ರಕಲೆ ಬಾರದು, ಗೆರೆಗಳು ಸೊಟ್ಟಗಿದ್ದವು. ಆದರೆ ಪ್ರತಿ ಗೆರೆಯೂ ಒಂದು ತೀರ್ಮಾನವನ್ನು ಕೇಳುತ್ತದೆ: ಈ ಗರ್ಭಗುಡಿಯ ಬಾಗಿಲು ಯಾವ ದಿಕ್ಕಿಗೆ, ಮಂಟಪ ಯಾವುದಕ್ಕೆ ಅಂಟಿದೆ, ಶಿಖರ ಯಾವ ಬಗೆಯದು? ಓದುವಾಗ ಕಣ್ಣು ಇಂಥ ಪ್ರಶ್ನೆಗಳನ್ನು ದಾಟಿಕೊಂಡು ಹೋಗಬಲ್ಲದು. ಬರೆಯುವ ಕೈಗೆ ಆ ಅನುಕೂಲವಿಲ್ಲ.

ನಕ್ಷತ್ರಾಕಾರದ ತಳವಿನ್ಯಾಸ ನನಗೆ ಅರ್ಥವಾದದ್ದೂ ಹೀಗೆಯೇ. ಒಂದು ರಟ್ಟಿನ ಚೌಕವನ್ನು ನಡುವೆ ಗುಂಡುಸೂಜಿಯಿಂದ ಚುಚ್ಚಿ ಹಾಳೆಯ ಮೇಲಿಟ್ಟು, 22.5 ಡಿಗ್ರಿಯಂತೆ ತಿರುಗಿಸುತ್ತ ನಾಲ್ಕು ಸಲ ಅಂಚನ್ನು ಗುರುತಿಸಿದರೆ ಹದಿನಾರು ಮೂಲೆಯ ನಕ್ಷತ್ರ ಮೂಡುತ್ತದೆ. ಸೋಮನಾಥಪುರದ ಗರ್ಭಗುಡಿಗಳ ಹೊರರೂಪ ಇಂಥ ನಕ್ಷತ್ರವೇ. ಅದನ್ನು ಅಡುಗೆಮನೆಯ ಮೇಜಿನ ಮೇಲೆ ಮಾಡಿ ನೋಡಿದ ರಾತ್ರಿ, ಮಲಗುವ ಹೊತ್ತು ಮೀರಿದ್ದು ನನಗೆ ತಿಳಿಯಲೇ ಇಲ್ಲ. ಸ್ಫೂರ್ತಿ ಬಂದ ಮೇಲೆ ಓದಲು ಕೂರುತ್ತೇನೆ ಎಂದು ಕಾಯುವವರಿಗೆ ನಾನು ಈ ರಟ್ಟಿನ ಚೌಕವನ್ನೇ ತೋರಿಸುತ್ತೇನೆ. ಉತ್ಸಾಹ ಕೆಲಸದ ಹಿಂದಿನಿಂದ ಬರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪದಗಳನ್ನು ಬರೆದುಕೊಂಡವರಿಗಿಂತ ಅವುಗಳನ್ನು ಚಿತ್ರವಾಗಿ ಬಿಡಿಸಿದವರು ಹೆಚ್ಚು ನೆನಪಿಟ್ಟುಕೊಂಡರೆಂದು ಕೆನಡಾದ ವಾಟರ್‌ಲೂ ವಿಶ್ವವಿದ್ಯಾನಿಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡಿದ್ದಾರೆ.

ಚಿತ್ರಕ್ಕಿಂತಲೂ ನನಗೆ ಹೆಚ್ಚು ಕೊಟ್ಟದ್ದು ಕಾಲ್ಪನಿಕ ಪತ್ರಗಳು. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಅವರಲ್ಲಿ ಪ್ರಮುಖರು. ಚಾವಣ ಬೇಲೂರಿನಿಂದ ಊರಿನಲ್ಲಿರುವ ತಾಯಿಗೆ ಬರೆದಂತೆ ಒಂದು ಪತ್ರವನ್ನು ನಾನು ಎಡಪುಟದಲ್ಲಿ ಬರೆಯತೊಡಗಿದೆ. ಎರಡನೆಯ ವಾಕ್ಯಕ್ಕೇ ಲೇಖನಿ ನಿಂತಿತು. ಕಲ್ಲು ಯಾವುದು? ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವುದರಿಂದಲೇ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ದೊರೆ ಏಕೆ ಈಗ ದೇವಾಲಯ ಕಟ್ಟಿಸುತ್ತಿದ್ದಾನೆ? 1116ರ ಹೊತ್ತಿಗೆ ಚೋಳರಿಂದ ತಲಕಾಡನ್ನು ಗೆದ್ದ ವಿಷ್ಣುವರ್ಧನ 1117ರಲ್ಲಿ ಈ ದೇವರನ್ನು ಪ್ರತಿಷ್ಠಾಪಿಸಿದ. ಅಲ್ಲಿಯವರೆಗೆ ಬಿಡಿಬಿಡಿಯಾಗಿ ಬಾಯಿಪಾಠವಾಗದೆ ಕಾಡಿದ ಎರಡು ಇಸವಿಗಳು ಪತ್ರದಲ್ಲಿ ಒಂದು ಹಿಂದೆ, ಒಂದು ಮುಂದೆ ನಿಂತು, ಒಂದಕ್ಕೊಂದು ಸಂಬಂಧ ಪಡೆದವು. ಕೂಲಿ ಎಷ್ಟು, ಊಟ ಯಾರು ಕೊಡುತ್ತಿದ್ದರು, ಬಳ್ಳಿಗಾವೆಯಿಂದ ಬಂದ ದಾರಿ ಯಾವುದು ಎಂಬ ಪ್ರಶ್ನೆಗಳು ನನ್ನನ್ನು ಮತ್ತೆ ಗ್ರಂಥಾಲಯಕ್ಕೆ ಓಡಿಸಿದವು. ಯಾರೂ ಒತ್ತಾಯಿಸದೆ ಪುಸ್ತಕದ ಕಡೆಗೆ ಹೋಗುವುದೇ ಪ್ರೇರಣೆಯಾದರೆ, ನನಗೆ ಅದು ಹುಟ್ಟಿದ್ದು ಅರ್ಧಕ್ಕೆ ನಿಂತ ಈ ಪತ್ರದಿಂದ.

ಇತಿಹಾಸದ ವಿದ್ಯಾರ್ಥಿಗಳು ಇಲ್ಲಿ ಒಂದು ಎಚ್ಚರ ವಹಿಸಲೇಬೇಕು. ಪತ್ರದಲ್ಲಿ ಆಧಾರವಿರುವ ಮಾತುಗಳನ್ನು ನೀಲಿ ಶಾಯಿಯಲ್ಲೂ, ನಾನು ಊಹಿಸಿದ್ದನ್ನು ಕೆಂಪು ಶಾಯಿಯಲ್ಲೂ ಬರೆಯುತ್ತೇನೆ. ಚಾವಣನ ತಾಯಿ ಆಗ ಬದುಕಿದ್ದಳೆಂಬುದೇ ಕೆಂಪು; ಹೆಸರು, ಊರು, ಕಲ್ಲು, ಇಸವಿ ನೀಲಿ. ಉತ್ತರ ಪತ್ರಿಕೆಗೆ ನೀಲಿ ಮಾತ್ರ ಹೋಗಬೇಕು. ಈ ಎರಡು ಬಣ್ಣಗಳನ್ನು ಬೇರ್ಪಡಿಸುವ ಅಭ್ಯಾಸ ಶಾಸನದ ಸಾಕ್ಷ್ಯವನ್ನು ತೂಗಿ ನೋಡುವುದನ್ನೂ ನನಗೆ ಕಲಿಸಿತು ಎಂಬುದು ನಾನು ನಿರೀಕ್ಷಿಸದೆ ಬಂದ ಲಾಭ.

ತೀರಾ ಮನಸ್ಸು ಕದಡಿದ ದಿನಗಳಲ್ಲಿ ಪತ್ರವೂ ಸಾಗುವುದಿಲ್ಲ. ಆಗ ಹಲ್ಮಿಡಿ ಶಾಸನದ ಅಕ್ಷರಗಳನ್ನು ಚಿತ್ರ ನೋಡಿ ನಕಲು ಮಾಡುತ್ತೇನೆ. ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಆ ಶಾಸನ ಸಿಕ್ಕಿದ್ದು ನಮ್ಮದೇ ಬೇಲೂರು ತಾಲ್ಲೂಕಿನಲ್ಲಿ. ಇಂದಿನ ಕನ್ನಡ ಅಕ್ಷರಕ್ಕೂ ಅದಕ್ಕೂ ಹೋಲಿಕೆ ಹುಡುಕುತ್ತ ಒಂದೊಂದೇ ತಿರುವನ್ನು ನಿಧಾನವಾಗಿ ಬರೆಯುವಾಗ ಉಸಿರು ತಾನಾಗಿ ನಿಧಾನವಾಗುತ್ತದೆ, ಜೊತೆಗೆ ಲಿಪಿಶಾಸ್ತ್ರದ ಪಾಠವೂ ಒಂದಿಷ್ಟು ಮುಂದೆ ಹೋಗುತ್ತದೆ.

ಕಾಫಿ ಕೊಯ್ಲಿನ ಕಾಲದಲ್ಲಿ, ಡಿಸೆಂಬರಿನಿಂದ ತೋಟಗಳ ಮಾಲು ಬರತೊಡಗಿದ ಮೇಲೆ, ನನಗೆ ಕೆಲಸ ಹೆಚ್ಚು. ಆ ತಿಂಗಳುಗಳಲ್ಲಿ ನಕ್ಷೆ, ಪತ್ರ ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ. ಒಂದೆರಡು ಪುಟ ಓದಿ ಮೂರು ಪ್ರಶ್ನೆಗಳಿಗೆ ತಲಾ ಒಂದು ಸಾಲು ಬರೆದು ಮಲಗುತ್ತೇನೆ. ವರ್ಷವಿಡೀ ಒಂದೇ ವೇಗದಲ್ಲಿ ಓದಬೇಕೆಂಬ ಹಟ ದುಡಿಯುವವರಿಗೆ ಹೊಂದುವುದಿಲ್ಲ.

ಪರೀಕ್ಷೆಯ ದಿನಕ್ಕೆ ಬೇರೊಂದು ಕ್ರಮವಿದೆ. ಪರೀಕ್ಷೆಗೆ ಮುನ್ನ ಹತ್ತು ನಿಮಿಷ ತಮ್ಮ ಆತಂಕಗಳನ್ನು ಕಾಗದದ ಮೇಲೆ ಬರೆದ ವಿದ್ಯಾರ್ಥಿಗಳು, ಅದರಲ್ಲೂ ಪರೀಕ್ಷಾಭಯ ಹೆಚ್ಚಿದ್ದವರು, ಹೆಚ್ಚು ಚೆನ್ನಾಗಿ ಉತ್ತರಿಸಿದರೆಂದು ಸಂಶೋಧಕರಾದ ರಮೀರೆಜ್ ಮತ್ತು ಬೈಲಾಕ್ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಚಿಂತೆಗಳು ತಲೆಯೊಳಗೆ ಸುತ್ತುತ್ತಿದ್ದರೆ ಉತ್ತರಕ್ಕೆ ಬೇಕಾದ ಕ್ರಿಯಾಶೀಲ ಸ್ಮೃತಿಯ, ಅಂದರೆ ಆ ಕ್ಷಣದ ಯೋಚನೆಗೆ ಬಳಸುವ ನೆನಪಿನ, ಜಾಗವನ್ನು ಅವೇ ಹಿಡಿದಿಟ್ಟುಕೊಳ್ಳುತ್ತವೆ ಎಂಬುದು ಅವರು ಕೊಡುವ ಕಾರಣ. ನಾನು ಪರೀಕ್ಷಾ ಕೇಂದ್ರದ ಹೊರಗಿನ ಕಟ್ಟೆಯ ಮೇಲೆ ಕುಳಿತು, ಕೊನೆಯ ಗಳಿಗೆಯ ಗೈಡು ತಿರುವಿಹಾಕುವ ಬದಲು, ಒಂದು ಬಿಡಿ ಹಾಳೆಯಲ್ಲಿ ಇದನ್ನೇ ಮಾಡುತ್ತಿದ್ದೆ. ಇಲ್ಲಿ ನೀಲಿ, ಕೆಂಪು ಎಂಬ ಭೇದವಿಲ್ಲ. ಏನು ತೋಚಿದರೂ ಬರೆಯಬಹುದು. ಹಾಳೆಯನ್ನು ಮಡಚಿ ಚೀಲದಲ್ಲಿಟ್ಟು ಒಳಗೆ ಹೋದಾಗ ಪ್ರಶ್ನೆಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಸಾವಧಾನವಾಗಿ ಓದುವಷ್ಟು ತಾಳ್ಮೆ ನನ್ನಲ್ಲಿ ಉಳಿದಿರುತ್ತಿತ್ತು.

ಈ ಕ್ರಮ ಇತಿಹಾಸಕ್ಕಷ್ಟೇ ಸಲ್ಲುತ್ತದೆಯೇ ಎಂಬ ಅನುಮಾನ ನನಗಿತ್ತು. ನಮ್ಮ ಪಕ್ಕದ ಮನೆಯ, ಪಿಯುಸಿ ವಿಜ್ಞಾನ ಓದುವ ಹುಡುಗಿಯೊಬ್ಬಳು ‘ನನಗೆ ಏನೂ ಬರುವುದಿಲ್ಲ ಅಕ್ಕ’ ಎಂದು ಕಣ್ಣೀರು ಹಾಕಿದಾಗ, ಮೂತ್ರಪಿಂಡದಲ್ಲಿ ರಕ್ತವನ್ನು ಸೋಸುವ ಸೂಕ್ಷ್ಮ ನಾಳವಾದ ನೆಫ್ರಾನನ್ನು ಪುಸ್ತಕ ನೋಡದೆ ಬಿಡಿಸಿ, ತಾನೇ ಒಂದು ನೀರಿನ ಹನಿಯಾಗಿ ಅದರೊಳಗೆ ಸಾಗುವ ಕಥೆ ಬರೆಯಲು ಹೇಳಿದೆ. ಆ ನಾಳ ಕೆಳಗಿಳಿದು ಬಾಗಿ ಮೇಲೇರುವ ಭಾಗವಾದ ಹೆನ್ಲೆಯ ಕುಣಿಕೆಯವರೆಗೆ ಹನಿ ಸರಾಗವಾಗಿ ಬಂತು; ಅಲ್ಲಿ ನಿಂತಿತು. ಇಳಿಯುವ ಬಾಹುವಿನಲ್ಲಿ ನೀರು ಹೊರಹೋಗುತ್ತದೆ, ಏರುವ ಬಾಹು ನೀರನ್ನು ಬಿಡದೆ ಲವಣಗಳನ್ನಷ್ಟೇ ಹೊರಗೆ ಕಳಿಸುತ್ತದೆ ಎಂಬ ಒಂದು ಅಂಶ ಮಾತ್ರ ಅವಳಿಗೆ ಅಸ್ಪಷ್ಟವಾಗಿತ್ತು. ಏನೂ ಬರುವುದಿಲ್ಲ ಎಂದವಳಿಗೆ ಬಾರದಿದ್ದದ್ದು ಅದೊಂದೇ! ಅದನ್ನು ಅವಳೇ ಪುಸ್ತಕದಲ್ಲಿ ಹುಡುಕಿ ಕಥೆಯನ್ನು ಮುಗಿಸಿದಳು.

ಈಗ ನಾನು ಕಾಲೇಜು ಅಧ್ಯಾಪಕ ಹುದ್ದೆಗೆ ರಾಜ್ಯಮಟ್ಟದಲ್ಲಿ ನಡೆಯುವ ಅರ್ಹತಾ ಪರೀಕ್ಷೆಯಾದ ಕೆ-ಸೆಟ್‌ಗೆ ಓದುತ್ತಿದ್ದೇನೆ, ಮತ್ತು ಹೊಯ್ಸಳರ ಕಂದಾಯ ವ್ಯವಸ್ಥೆ ಎಡಪುಟದ ಎರಡನೆಯ ಪ್ರಶ್ನೆಯಲ್ಲಿ ಪದೇ ಪದೇ ಕಾಣಿಸಿಕೊಳ್ಳುತ್ತಿದೆ. ಅದಕ್ಕೆ ನೆಲನಕ್ಷೆ ಇಲ್ಲ, ಪತ್ರವೂ ಹೊಂದುತ್ತಿಲ್ಲ. ಆದ್ದರಿಂದ ನನ್ನ ಉದ್ಯೋಗದ ವಿದ್ಯೆಯನ್ನೇ ತಂದು, ಒಂದು ಕಾಲ್ಪನಿಕ ಹಳ್ಳಿಯ ಲೆಕ್ಕದ ಕಡತವನ್ನು ಬರೆಯಲು ತೊಡಗಿದ್ದೇನೆ: ನಿಗದಿತ ಕಂದಾಯವಾದ ಸಿದ್ಧಾಯ ಒಂದು ಕಲಮಿನಲ್ಲಿ, ದೇವಾಲಯಕ್ಕೆ ಬಿಟ್ಟ ದತ್ತಿ ಇನ್ನೊಂದರಲ್ಲಿ, ಮೊತ್ತಗಳೆಲ್ಲ ಗದ್ಯಾಣ, ಪಣ, ಹಾಗ ಎಂಬ ಆಗಿನ ನಾಣ್ಯಗಳಲ್ಲಿ. ಸದ್ಯ ಆ ಕಡತದಲ್ಲಿ ಕೆಂಪು ಶಾಯಿಯೇ ಹೆಚ್ಚಿದೆ. ಮುಂದಿನ ಭಾನುವಾರ ಶಾಸನ ಸಂಪುಟ ನೋಡಿ ಅದರಲ್ಲಿ ಎಷ್ಟನ್ನು ನೀಲಿಗೆ ತರಬಹುದೆಂದು ನೋಡಬೇಕು.