ಊರ ಕೆರೆಯಲ್ಲಿ ಕೊರಮೀನಿಗೆ ಗಾಳ ಹಾಕುವುದು

ಕೊರಮೀನು ಎರೆ ಹುಡುಕಿಕೊಂಡು ಬರುವ ಮೀನಲ್ಲ, ಹೊಂಚು ಹಾಕಿ ಹೊಡೆಯುವ ಮೀನು. ಕಟ್ಲಾ, ರೋಹು ಹಿಡಿಯುವವರ ಹಾಗೆ ಹಿಟ್ಟಿನ ಉಂಡೆ ಎಸೆದು ಕೂತರೆ ಸಂಜೆಯವರೆಗೂ ಬೆಂಡು ಅಲುಗುವುದಿಲ್ಲ. ಅದು ಇರುವ ಜಾಗಕ್ಕೆ ನಾವೇ ಹೋಗಬೇಕು. ಸಂತೆಯಲ್ಲಿ ಮರಲ್ ಅಂತ ಕೂಗಿ ಮಾರುವುದೂ ಇದನ್ನೇ.

ಹೋಗುವ ಮುಂಚೆ ಕೆರೆ ಯಾರ ಗುತ್ತಿಗೆಯಲ್ಲಿದೆ ಎಂದು ಕೇಳಿಕೊಳ್ಳಿ. ಹೆಚ್ಚಿನ ಕೆರೆಗಳನ್ನು ಮೀನುಗಾರರ ಸಂಘವೋ ಗುತ್ತಿಗೆದಾರರೋ ಹಿಡಿದಿರುತ್ತಾರೆ. ಬಿಟ್ಟ ಮರಿಗಳನ್ನೆಲ್ಲ ನುಂಗುತ್ತದೆ ಎಂದು ಕೊರಮೀನನ್ನು ಬೈಯುವವರೂ ಅವರೇ, ಅದಕ್ಕೇ ಹೆಚ್ಚು ದುಡ್ಡು ಹುಟ್ಟುತ್ತದೆ ಎಂದು ಬಿಟ್ಟುಕೊಡದವರೂ ಅವರೇ. ಹೊಳೆಯ ಮಾತು ಬೇರೆ. ತುಂಗಭದ್ರೆಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಮೊಸಳೆಯೂ ಇದೆ. ಗಾಳ ಹಿಡಿದು ಆ ಕಡೆ ಹೋಗಬೇಡಿ.

ಕೆರೆಗೆ ಹೋದ ಮೇಲೆ ಮೊದಲ ಕಾಲು ಗಂಟೆ ಗಾಳ ನೀರಿಗೆ ಬೀಳಬಾರದು. ಏರಿ ಮೇಲೆ ನಿಂತು ನೋಡಬೇಕು. ಕಿವಿರಿನ ಉಸಿರು ಕೊರಮೀನಿಗೆ ಸಾಲುವುದಿಲ್ಲ. ತಲೆಯೊಳಗಿನ ಉಸಿರಿನ ಅಂಗಕ್ಕೆ ಗಾಳಿ ತುಂಬಿಕೊಳ್ಳಲು ಆಗಾಗ ಮೇಲೆ ಬರಲೇಬೇಕು. 'ಗುಳುಕ್' ಎಂಬ ಸಣ್ಣ ಸದ್ದು, ಒಂದು ಉಂಗುರ, ಹಿಂದೆಯೇ ಎರಡು ಮೂರು ಗುಳ್ಳೆ. ಅಷ್ಟೇ ಅದರ ವಿಳಾಸ. ಪಕ್ಕದ ತಾವರೆ ಎಲೆಯನ್ನೋ ಜೊಂಡಿನ ಬುಡವನ್ನೋ ಗುರುತಿಟ್ಟುಕೊಳ್ಳಿ. ಹತ್ತಿಪ್ಪತ್ತು ನಿಮಿಷದಲ್ಲಿ ಅದೇ ಜಾಗದಲ್ಲಿ ಮತ್ತೆ ಉಂಗುರ ಎದ್ದರೆ ಮೀನು ಅಲ್ಲೇ ಠಿಕಾಣಿ ಹೂಡಿದೆ ಎಂದರ್ಥ. ಜೊಂಡಿನ ಅಂಚು, ಅಂತರಗಂಗೆಯ ನಡುವಿನ ಬಯಲು, ತೂಬಿನ ಹತ್ತಿರದ ಕಲ್ಲು, ಗದ್ದೆಯ ಬಸಿನೀರು ಕೆರೆಗೆ ಬೀಳುವ ಬಾಯಿ, ಇವೆಲ್ಲ ಅದರ ಮೆಚ್ಚಿನ ತಾವು. ನೀರು ಎರಡು ಮೂರು ಅಡಿ ಇದ್ದರೆ ಸಾಕು.

ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ನಾಲ್ಕೂವರೆಯಿಂದ ಕತ್ತಲಾಗುವವರೆಗೆ ಒಳ್ಳೆಯ ಹೊತ್ತು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಮಧ್ಯಾಹ್ನ ದಟ್ಟ ಎಲೆಯ ನೆರಳಲ್ಲಿ ಬಿದ್ದಿರುತ್ತದೆ. ಅಲ್ಲಿಗೇ ಗಾಳ ಇಳಿಸಬಲ್ಲವರಿಗೆ ಮಾತ್ರ ಸಿಗುತ್ತದೆ. ಆಷಾಢದ ಗಾಳಿಯಲ್ಲಿ ಎರೆಯಾಗಿ ಬಳಸುವ ಹಗುರ ರಬ್ಬರ್ ಕಪ್ಪೆ ಎಸೆದರೆ ಅರ್ಧ ದೂರವೂ ಹೋಗದು. ಗದ್ದೆಗೆ ಔಷಧಿ ಹೊಡೆದ ಮರುದಿನ ಸಣ್ಣ ಮೀನುಗಳೂ ದಂಡೆಗೆ ಬಂದು ಬಾಯಿ ಬಿಡುತ್ತಿದ್ದರೆ ವಾಪಸ್ ಬನ್ನಿ, ಆ ನೀರಿನ ಮೀನು ತಿನ್ನಬಾರದು.

ಸಾಮಾನಿನ ವಿಷಯ. ಆರೂವರೆಯಿಂದ ಏಳು ಅಡಿಯ, ತುದಿ ತೀರಾ ಬಳುಕದ ಗಟ್ಟಿ ಕೋಲು, 2500 ಅಥವಾ 3000 ಅಳತೆಯ ರೀಲು, 30ರಿಂದ 40 ಪೌಂಡ್ ಭಾರ ತಡೆಯುವ ಬ್ರೇಡ್ ದಾರ, ಅಂದರೆ ಎಳೆ ಹೆಣೆದ ದಾರ. ಇದು ಒಂದೆರಡು ಕಿಲೋ ಮೀನಿಗೆ ಜಾಸ್ತಿ ಅನಿಸಬಹುದು. ಆದರೆ ನಾವು ಎಳೆಯುವುದು ಮೀನೊಂದನ್ನೇ ಅಲ್ಲ, ಅದು ಸುತ್ತಿಕೊಂಡ ಜೊಂಡನ್ನೂ. ದಾರಕ್ಕೂ ಗಾಳಕ್ಕೂ ನಡುವೆ ತಂತಿ ಬೇಕಿಲ್ಲ. ಹಲ್ಲು ಚೂಪಿದ್ದರೂ ದಪ್ಪ ದಾರ ತಡೆಯುತ್ತದೆ. ತಂತಿ ಹಾಕಿದರೆ ಕಪ್ಪೆಯ ಮೂತಿ ಕೆಳಗೆ ಬಾಗುತ್ತದೆ.

ಬ್ರೇಡ್ ದಾರಕ್ಕೆ ಮಾಮೂಲಿ ಗಂಟು ಹಾಕಿದರೆ ಜಾರುತ್ತದೆ, ಎಷ್ಟೋ ಮೀನು ಹೋಗುವುದು ಇಲ್ಲೇ. ದಾರವನ್ನು ಒಂದು ಗೇಣು ಮಡಚಿ ಜೋಡಿಯಾಗಿ ಗಾಳದ ಕಣ್ಣಿಗೆ ತೂರಿಸಿ, ಆ ಜೋಡಿ ದಾರದಿಂದಲೇ ಸಡಿಲವಾಗಿ ಒಂದು ಗಂಟು ಹಾಕಿ, ತುದಿಯ ಕುಣಿಕೆಯೊಳಗಿಂದ ಇಡೀ ಗಾಳವನ್ನು ದಾಟಿಸಿ. ಉಗುಳು ಹಚ್ಚಿ ನಿಧಾನ ಬಿಗಿಯಿರಿ. ಒಣಗಿದ್ದಾಗ ಜಗ್ಗಿದರೆ ದಾರ ಬಿಸಿಯಾಗಿ ಗಂಟಿನಲ್ಲೇ ಬಲ ಕಳೆದುಕೊಳ್ಳುತ್ತದೆ.

ಎರೆಗೆ 10ರಿಂದ 15 ಗ್ರಾಂ ತೂಕದ ರಬ್ಬರ್ ಕಪ್ಪೆ ಸಾಕು. ನಿಜ ಕಪ್ಪೆಯನ್ನು ಗದ್ದೆಯಲ್ಲೇ ಬಿಡಿ, ಹುಳ ತಿನ್ನಲು ಅದು ಬೇಕು. ಹೊಸ ರಬ್ಬರ್ ಕಪ್ಪೆಯನ್ನು ಎರಡು ಬೆರಳಲ್ಲಿ ಅಮುಕಿ ನೋಡಿ: ಎರಡೂ ಗಾಳದ ಮೊನೆ ಪೂರ್ತಿ ಹೊರಗೆ ಬರಬೇಕು. ಬಾರದಿದ್ದರೆ ಇಕ್ಕಳದಿಂದ ಮೊನೆಗಳನ್ನು ಕೂದಲೆಳೆಯಷ್ಟು ಹೊರಕ್ಕೆ ಬಗ್ಗಿಸಿ. ಜಾಸ್ತಿ ಬಗ್ಗಿಸಿದರೆ ಪ್ರತಿ ಎಸೆತಕ್ಕೂ ಎಲೆ ಹಿಡಿದುಕೊಂಡು ಬರುತ್ತದೆ. ಹತ್ತಾರು ಎಸೆತಕ್ಕೊಮ್ಮೆ ಹೊಟ್ಟೆಯೊಳಗಿನ ನೀರು ಹಿಂಡಬೇಕು, ಇಲ್ಲವಾದರೆ ಕಪ್ಪೆ ಮುಳುಗುತ್ತದೆ. ಮೀನು ಕಾಲನ್ನಷ್ಟೇ ಕಚ್ಚಿ ಬಿಡುತ್ತಿದ್ದರೆ ಕಾಲಿನ ಎಳೆಗಳನ್ನು ಅರ್ಧಕ್ಕೆ ಕತ್ತರಿಸಿ.

ಉಂಗುರ ಎದ್ದ ಜಾಗದ ಮೇಲೆಯೇ ಎಸೆಯಬಾರದು, ಮೀನು ಬೆದರುತ್ತದೆ. ಐದಾರು ಅಡಿ ಆಚೆ ಎಲೆಗಳ ಮೇಲೆ ಬೀಳಿಸಿ, ಕುಪ್ಪಳಿಸಿಕೊಂಡು ತನ್ನಿ. ಎಲೆ ಮುಗಿದು ನೀರು ಕಾಣುವಲ್ಲಿ ನಿಲ್ಲಿಸಿ, ಮೂರು ಎಣಿಸಿ, ಒಂದು ಸಲ ಅಲುಗಿಸಿ. ಬಹಳ ಹೊಡೆತ ಬೀಳುವುದು ಈ ನಿಂತ ಗಳಿಗೆಯಲ್ಲೇ.

ಹೊಡೆತ ಬಿದ್ದಾಗ 'ಫಟ್' ಎಂದು ನೀರು ಸಿಡಿಯುತ್ತದೆ. ಕೈ ತಾನಾಗಿಯೇ ಕೋಲು ಜಗ್ಗಿಬಿಡುತ್ತದೆ, ಕಪ್ಪೆ ಖಾಲಿಯಾಗಿ ಮುಖಕ್ಕೆ ಹಾರಿ ಬರುತ್ತದೆ. ಕಪ್ಪೆ ಇನ್ನೂ ಬಾಯಿಯ ತುದಿಯಲ್ಲೇ ಇರುತ್ತದೆ, ಅದಕ್ಕೇ ಹೀಗಾಗುವುದು. ಕೋಲಿನ ತುದಿ ತಗ್ಗಿಸಿ, ಸಡಿಲ ದಾರ ಸುತ್ತಿಕೊಂಡು, ಮೀನಿನ ಭಾರ ಕೈಗೆ ತಾಗಿದ ಮೇಲೆ ಜೋರಾಗಿ ಜಗ್ಗಬೇಕು. ಹೆಚ್ಚು ಕಡಿಮೆ ಎರಡು ಎಣಿಸುವಷ್ಟು ಹೊತ್ತು. ಆಮೇಲೆ ಆಟ ಆಡಿಸುವ ಮಾತೇ ಇಲ್ಲ: ಡ್ರ್ಯಾಗ್ (ದಾರ ಬಿಚ್ಚಿಕೊಳ್ಳದಂತೆ ತಡೆಯುವ ರೀಲಿನ ತಿರುಪು) ಬಿಗಿ, ಕೋಲು ಮೇಲೆ, ತಲೆ ನೀರಿನ ಮೇಲಿರುವಂತೆ ಒಂದೇ ಎಳೆತ. ತಲೆ ಕೆಳಗೆ ಹೋಯಿತೋ ಜೊಂಡಿನ ಬುಡಕ್ಕೆ ನುಗ್ಗಿತು. ಹಾಗಾದರೆ ಬಡಬಡನೆ ಜಗ್ಗದೆ ದಾರವನ್ನು ಬಿಗಿಯಾಗಿ ಹಿಡಿದು ನಿಲ್ಲಿ. ಒಂದೆರಡು ನಿಮಿಷಕ್ಕೆ ಮೀನೇ ಹೊರಳಿದರೆ ಆ ಕ್ಷಣ ಎಳೆಯಿರಿ. ನೀರಿಗಿಳಿಯಬೇಡಿ. ಎರೆಮಣ್ಣಿನ ಹೂಳು ಮೊಣಕಾಲು ಹಿಡಿದರೆ ಬಿಡಿಸಿಕೊಳ್ಳುವುದು ಕಷ್ಟ. ಏರಿಯ ಹುಲ್ಲಿನಲ್ಲಿ ಕೊಳಕುಮಂಡಲ ಇರುತ್ತದೆ, ಬೂಟು ಬೇಕೇ ಬೇಕು.

ರೀಲು ಇಲ್ಲದಿದ್ದರೂ ನಡೆಯುತ್ತದೆ. ಹನ್ನೆರಡು ಅಡಿಯ ಬಿದಿರು ಕೋಲು, ಕೋಲಿಗಿಂತ ಒಂದು ಮೊಳ ಕಡಿಮೆ ಉದ್ದದ 0.45 ಮಿ.ಮೀ. ನೈಲಾನ್ ದಾರ, 1/0 ಅಳತೆಯ ಗಾಳ, ಒಣಗಿದ ಜೋಳದ ದಂಟು ಸುಲಿದು ತೆಗೆದ ಎರಡು ಬೊಟ್ಟು ಉದ್ದದ ಬೆಂಡು. ಸಣ್ಣ ಮೀನನ್ನು ಬೆನ್ನಿನ ರೆಕ್ಕೆಯ ಕೆಳಗೆ, ನಡುಮುಳ್ಳಿಗೆ ತಾಗದಂತೆ ಚುಚ್ಚಿ, ಎಲೆಗಳ ನಡುವಿನ ತೂತಿನಲ್ಲಿ ಇಳಿಸಿ. ಬೆಂಡಿನಿಂದ ಗಾಳಕ್ಕೆ ಒಂದು ಗೇಣು ಸಾಕು. ಬೆಂಡು ಮುಳುಗಿ ಪಕ್ಕಕ್ಕೆ ಸಾಗತೊಡಗಿದ ಮೇಲೆ ಎತ್ತಬೇಕು.

ನೀರಿನ ಮೇಲೆ ಕೆಂಪು-ಕಿತ್ತಳೆ ಬಣ್ಣದ ಮರಿಗಳ ಗುಂಪು ಕುದಿಯುವ ಹಾಗೆ ಕಂಡರೆ ಕೆಳಗೆ ದೊಡ್ಡ ಮೀನು ಕಾವಲಿರುತ್ತದೆ. ಕಪ್ಪೆ ಹಾಯಿಸಿದರೆ ಖಂಡಿತ ಹೊಡೆಯುತ್ತದೆ, ಆದರೆ ಅದು ಹಸಿವಿನ ಹೊಡೆತವಲ್ಲ. ಕಾವಲು ಹೋದ ಮರಿಗಳನ್ನು ಬೇರೆ ಮೀನುಗಳು ಬೇಗ ಮುಗಿಸುತ್ತವೆ. ಮಳೆಗಾಲದಲ್ಲಿ ಇಂಥ ಗುಂಪು ಕಂಡಲ್ಲಿ ಗಾಳ ಹಾಕುವುದು ಮುಂದಿನ ವರ್ಷದ ಮೀನನ್ನೇ ಕೊಂದ ಹಾಗೆ.

ದಂಡೆಗೆ ಬಂದ ಮೀನನ್ನು ಒದ್ದೆ ಬಟ್ಟೆಯಲ್ಲಿ ತಲೆಯ ಹಿಂದೆ ಒತ್ತಿ ಹಿಡಿದು, ಗಾಳವನ್ನು ಇಕ್ಕಳದಿಂದ ತೆಗೆಯಿರಿ. ಬಾಯಿಗೆ ಬೆರಳು ಹಾಕಬೇಡಿ. ಮುಚ್ಚಳವಿಲ್ಲದ ಬಕೆಟ್ಟಿನಲ್ಲಿ ಬಿಟ್ಟರೆ ಹಾರಿ, ತೆವಳಿಕೊಂಡು ಕೆರೆಗೇ ಹೋಗುತ್ತದೆ. ಒದ್ದೆ ಗೋಣಿಚೀಲದಲ್ಲಿ ಬಾಯಿ ಕಟ್ಟಿಟ್ಟರೆ ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ, ಐಸ್ ಬೇಕಿಲ್ಲ. ಮನೆಯಲ್ಲಿ ಕೊಯ್ಯುವ ಮುಂಚೆ ಒಲೆ ಬೂದಿ ಹಚ್ಚಿ ಒರಟು ಕಲ್ಲಿಗೆ ಉಜ್ಜಿದರೆ ಲೋಳೆ ಹೋಗಿ ಕೈಯಿಂದ ಜಾರದು.